ಮಾರಿಷಸ್‌ನಲ್ಲೊಂದು ಎರಡನೆಯ ಮನೆ

ಮನೆಯ ಕ್ರಯಪತ್ರಕ್ಕೆ ನಕಲು ಮಾಡಿಸಿ, ಮೂಲಪತ್ರವಿರುವ ಬೀರುವಿನಲ್ಲೇ ಇಡುವವರು ನಮ್ಮಲ್ಲಿ ಅನೇಕರು. ಬೆಂಕಿ ಬಿದ್ದರೆ ಎರಡೂ ಬೂದಿ. ಜಯನಗರದವರು ನಕಲನ್ನು ಬನಶಂಕರಿಯ ತಂಗಿಯ ಮನೆಯಲ್ಲಿಟ್ಟರೆ ವಾಸಿ. ಮೈಸೂರಿನ ಅಣ್ಣನ ಮನೆಯಲ್ಲಿಟ್ಟರೆ ಇನ್ನೂ ವಾಸಿ. ಆದರೆ ಎಷ್ಟು ದೂರವಿದ್ದರೆ ಸಾಕು? ಗಣಕಯಂತ್ರಗಳನ್ನು ನಂಬಿ ಬೆಳೆದ ಬೆಂಗಳೂರಿಗೆ ಈ ಪ್ರಶ್ನೆ ತೀವ್ರವಾಗಿ ಎದುರಾದದ್ದು 2002ರಲ್ಲಿ.

1983ರಲ್ಲಿ ಇನ್ಫೊಸಿಸ್ ಪುಣೆಯಿಂದ ಇಲ್ಲಿಗೆ ಬಂದದ್ದು ಆಡುಗೋಡಿಯ ಮೈಕೋ ಕಾರ್ಖಾನೆಯ ಕೆಲಸಕ್ಕಾಗಿ. ಇಪ್ಪತ್ತು ವರ್ಷ ತುಂಬುವ ಮೊದಲೇ ಅಮೆರಿಕದ ಬ್ಯಾಂಕು, ವಿಮಾ ಕಂಪನಿಗಳ ಕೆಲಸ ಈ ನಗರದ ಕೈಗೆ ಬಂದಿತ್ತು. 2001ರ ಸೆಪ್ಟೆಂಬರ್ 11 ಆ ಗ್ರಾಹಕರ ನಿದ್ದೆ ಕೆಡಿಸಿತು. ವಿಪತ್ತು ನಿಭಾಯಿಸಲೆಂದೇ ನ್ಯೂಯಾರ್ಕ್ ನಗರಾಡಳಿತ 1999ರಲ್ಲಿ ತೆರೆದಿದ್ದ ತುರ್ತು ನಿಯಂತ್ರಣ ಕೇಂದ್ರವಿದ್ದದ್ದು ವಿಶ್ವ ವಾಣಿಜ್ಯ ಕೇಂದ್ರದ ಏಳನೆಯ ಕಟ್ಟಡದಲ್ಲಿ! ಅಂದು ಸಂಜೆಯೇ ಅದೂ ಕುಸಿಯಿತು. ಡಿಸೆಂಬರ್‌ನಲ್ಲಿ ನಮ್ಮ ಸಂಸತ್ತಿನ ಮೇಲೆ ದಾಳಿಯಾಗಿ, ಗಡಿಯಲ್ಲಿ ಸೇನೆಗಳು ಜಮಾಯಿಸಿದವು. 2002ರ ಬೇಸಿಗೆಯಲ್ಲಿ ಅಮೆರಿಕ ತನ್ನ ಪ್ರಜೆಗಳಿಗೆ ಭಾರತ ಬಿಡುವಂತೆ ಸೂಚಿಸಿತು. ಯುದ್ಧವಾದರೆ ನಮ್ಮ ಕೆಲಸದ ಗತಿಯೇನು ಎಂಬ ಆತಂಕ ಗ್ರಾಹಕರಿಗೆ ಬಾರದಿದ್ದೀತೆ?

ನೆಲದ ಮಟ್ಟಿಗೆ ಬೆಂಗಳೂರು ಭದ್ರ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. 2002ರ ಭೂಕಂಪ ನಕ್ಷೆಯಲ್ಲೂ ನಗರ ಬಿದ್ದದ್ದು ಅತಿ ಕಡಿಮೆ ಅಪಾಯದ ಎರಡನೆಯ ವಲಯಕ್ಕೆ (ಒಂದನೆಯ ವಲಯವನ್ನೇ ಆ ನಕ್ಷೆ ಕೈಬಿಟ್ಟಿತ್ತು). ಮೈಸೂರಿನಲ್ಲೋ ಚೆನ್ನೈನಲ್ಲೋ ಪರ್ಯಾಯ ಕೇಂದ್ರ ತೆರೆದರೆ ಬೆಂಕಿಗೆ, ಬಂದ್‌ಗೆ ಉತ್ತರವಾದೀತು, ಯುದ್ಧಕ್ಕಲ್ಲ. ಇನ್ಫೊಸಿಸ್ ತನ್ನ ವಿಪತ್ತು ಪರಿಹಾರ ಕೇಂದ್ರವನ್ನು ಸ್ಥಾಪಿಸಿದ್ದು ಮಾರಿಷಸ್‌ನಲ್ಲಿ.

ಚಂಡಮಾರುತಗಳ ಹಾದಿಯಲ್ಲಿರುವ ದ್ವೀಪ ಸುರಕ್ಷಿತವೇ ಎಂದು ಓದುಗರು ಕೇಳಬಹುದು. ಅಲ್ಲ. ಆದರೆ ಅಲ್ಲಿನ ಬಿರುಗಾಳಿ ಜಯನಗರಕ್ಕೆ ಬಾರದು, ಇಲ್ಲಿನ ಗಡಿ ಜಗಳ ಅಲ್ಲಿಗೆ ಮುಟ್ಟದು. ಎರಡೂ ಒಟ್ಟಿಗೆ ಕೆಡುವ ಸಂಭವ ಕಡಿಮೆ. ಜಾಗದ ಆಯ್ಕೆಯಲ್ಲಿ ನೋಡಬೇಕಾದದ್ದು ಇದನ್ನೇ. ಕೊಚ್ಚಿಯನ್ನೂ ಮಾರಿಷಸ್ಸನ್ನೂ ಜೋಡಿಸುವ ಸಮುದ್ರದಡಿಯ ತಂತಿ 2002ರಲ್ಲೇ ಸಿದ್ಧವಾಗಿದ್ದದ್ದು ಅನುಕೂಲವೇ. ದೂರಕ್ಕೆ ತೆರುವ ಬೆಲೆಯೂ ಉಂಟು: 4,000 ಕಿ.ಮೀ.ಗೂ ಆಚೆ ಇರುವ ನಕಲು ಮೂಲಕ್ಕಿಂತ ಒಂದು ಹೆಜ್ಜೆ ಹಿಂದೆಯೇ ಉಳಿಯುತ್ತದೆ.

ಉಪಗ್ರಹಗಳ ವಿಷಯದಲ್ಲೂ ಇದೇ ಎಚ್ಚರ. 1982ರ ಹಾಸನದ ನಿಯಂತ್ರಣ ಕೇಂದ್ರಕ್ಕೆ 2005ರಲ್ಲಿ ಭೋಪಾಲದಲ್ಲಿ ಜೊತೆ ಕೇಂದ್ರ ಬಂತು.

2020ರ ಮಾರ್ಚ್‌ನಲ್ಲಿ ಬಂದ ಕೊರೊನಾ ಮಾತ್ರ ಬೆಂಗಳೂರು, ಮಾರಿಷಸ್ ಎರಡನ್ನೂ ಒಟ್ಟಿಗೆ ಮುಚ್ಚಿಸಿತು. ನಕ್ಷೆ ಹಿಡಿದು ಹುಡುಕಿದ್ದ ಪರ್ಯಾಯ ತಾಣಗಳು ಸಾಲಲಿಲ್ಲ. ಗಣಕಯಂತ್ರಗಳು ಟ್ಯಾಕ್ಸಿ ಹತ್ತಿ ಜೆ.ಪಿ. ನಗರ, ಬಿಟಿಎಂ ಬಡಾವಣೆಗಳ ಮಲಗುವ ಕೋಣೆಗಳಿಗೆ ಬಂದವು. ಅಮೆರಿಕದ ಬ್ಯಾಂಕುಗಳ ಕೆಲಸ ಊಟದ ಮೇಜಿನ ಮೇಲೆ, ಮನೆಯ ಯುಪಿಎಸ್ ಬ್ಯಾಟರಿಯನ್ನು ನಂಬಿಕೊಂಡು ನಡೆಯಿತು.