ಕಲಾದಗಿ ಶಿಲಾಸಮೂಹ

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಮಲಪ್ರಭಾ, ಘಟಪ್ರಭಾ ನದಿಗಳ ಆಸುಪಾಸಿನಲ್ಲಿ ಹರಡಿರುವ ಸಂಚಯಿತ ಶಿಲೆಗಳ ಸಮೂಹ. ಪ್ರಾಣಿಗಳು ಹುಟ್ಟುವುದಕ್ಕೂ ಬಹು ಹಿಂದಿನ ಪ್ರೊಟೆರೋಜೋಯಿಕ್ ಯುಗಕ್ಕೆ ಸೇರಿದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯನ್ನು ಕುರಿತು 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವನ್ನು ವಿಸ್ತಾರವಾಗಿ ವರ್ಣಿಸಿದ. ಘಟಪ್ರಭೆಯ ದಡದ ಕಲಾದಗಿ ಊರಿನ ಹೆಸರೇ ಶಿಲೆಗಳಿಗೂ ನಿಂತಿತು. ಮುಂದೆ ಭೂವಿಜ್ಞಾನಿಗಳು ಇದನ್ನು ಕೆಳಗಿನ ಬಾಗಲಕೋಟೆ ಗುಂಪು, ಮೇಲಿನ ಬಾದಾಮಿ ಗುಂಪು ಎಂದು ಎರಡಾಗಿ ವಿಂಗಡಿಸಿದರು.

ಬಾಗಲಕೋಟೆ ಗುಂಪಿನ ತಳದಲ್ಲಿರುವುದು ಪೆಂಟೆಶಿಲೆ. ಸವೆದುಹೋಗಿದ್ದ ಹಳೆಯ ಗ್ರಾನೈಟ್, ನೈಸ್ ನೆಲದ ಮೇಲೆ ರಭಸದ ನೀರು ಉರುಳಿಸಿ ತಂದ ನುಣುಪು ಕಲ್ಲುಗಳು ಮರಳಿನೊಡನೆ ಬೆಸೆದು ಆದದ್ದು. ಅದರ ಮೇಲೆ ಕಡಲಂಚಿನ ಅಲೆಗಳು ತೊಳೆದು ಸೋಸಿದ ಮರಳು ಕೂತು ಗಟ್ಟಿಯಾಗಿ ಕ್ವಾರ್ಟ್ಸೈಟ್ ಆಯಿತು. ಸವದತ್ತಿಯ ಗುಡ್ಡಗಳು ಈ ಕಲ್ಲಿನವೇ. ನವಿಲುತೀರ್ಥದಲ್ಲಿ ಮಲಪ್ರಭೆ ಇದನ್ನು ಸೀಳಿಕೊಂಡು ಹರಿಯುತ್ತದೆ. ಮರಳು, ಕೆಸರು ತಲುಪದ ತಿಳಿಯಾದ, ಆಳವಿಲ್ಲದ ಕಡಲಿನಲ್ಲಿ ಸುಣ್ಣ ತಳಕ್ಕಿಳಿಯಿತು. ಲೋಕಾಪುರ ಸುತ್ತಿನ ಸುಣ್ಣಶಿಲೆಯಲ್ಲಿ ಚಿಪ್ಪು, ಮೂಳೆ ಸಿಗುವುದಿಲ್ಲ; ಸಿಗುವುದು ಸ್ಟ್ರೊಮ್ಯಾಟೊಲೈಟ್. ಬಿಸಿಲು ತಲುಪುವ ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಪೊರೆಗೆ ಸುಣ್ಣದ ಕಣಗಳು ಅಂಟಿ, ಪೊರೆಯ ಮೇಲೆ ಪೊರೆ ಬೆಳೆದು ಮೂಡಿದ ಗುಮ್ಮಟದಂಥ ರಚನೆ ಅದು. ಈ ನಾಡಿನ ಜೀವಿಗಳ ಇತಿಹಾಸಕ್ಕೆ ಅದಕ್ಕಿಂತ ಅಮೂಲ್ಯವಾದ ಸಾಕ್ಷಿಗಳು ಕೆಲವೇ. ಇದೇ ಸುಣ್ಣಶಿಲೆ ಇಂದು ಸಿಮೆಂಟಿಗೆ ಕಚ್ಚಾವಸ್ತು.

ಆಮೇಲೆ ಈ ಪದರಗಳು ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡವು, ಮೇಲೆದ್ದವು, ದೀರ್ಘಕಾಲ ಮಳೆಗಾಳಿಗೆ ಸವೆದವು. ಬಾಗಿದ ಪದರಗಳ ಸವೆದ ತಲೆಯ ಮೇಲೆ ಬಾದಾಮಿಯ ಮರಳುಗಲ್ಲು ಹಾಸುಗಲ್ಲಿನಂತೆ ಮಟ್ಟಸವಾಗಿ ಕೂತಿದೆ. ಎರಡರ ನಡುವಿನ ಗೆರೆಯಲ್ಲಿ ಅಡಗಿರುವುದು ಬರೆಯದೇ ಉಳಿದ ಕಾಲ.

ಬಾದಾಮಿಯ ಮರಳಿನ ಬಹುಭಾಗವನ್ನು ತಂದು ಹರಡಿದ್ದು ಹಲವು ಕವಲುಗಳಾಗಿ ಹರಿದ ನದಿಗಳು. ಬಂಡೆಯ ಪಕ್ಕದಲ್ಲಿ ನಿಂತು ನೋಡಿದರೆ ಮುಖ್ಯ ಪದರದೊಳಗೆ ಓರೆಯಾಗಿ ಜೋಡಿಸಿದಂಥ ಸಣ್ಣ ಪದರಗಳು ಕಾಣುತ್ತವೆ. ನೀರಿನ ತಳದಲ್ಲಿ ಮರಳದಿಣ್ಣೆಗಳು ಮುಂದುಮುಂದಕ್ಕೆ ಸರಿದ ಗುರುತು ಅದು; ಓರೆ ಇಳಿದಿರುವ ದಿಕ್ಕೇ ಅಂದಿನ ಪ್ರವಾಹದ ದಿಕ್ಕು. ಮರಳಿನ ಕಣಗಳಿಗೆ ಹತ್ತಿದ ಕಬ್ಬಿಣದ ತುಕ್ಕಿನಿಂದ ಕಲ್ಲಿಗೆ ಕೆಂಪು ಬಂದಿದೆ. ಮೇಲಿನ ಸ್ತರಗಳಲ್ಲಿ ಜೇಡುಶಿಲೆ, ಸುಣ್ಣಶಿಲೆ ಮತ್ತೆ ತಲೆದೋರುವುದರಿಂದ ಕಡಲು ಇನ್ನೊಮ್ಮೆ ಒಳನುಗ್ಗಿತ್ತೆಂದು ತಿಳಿಯುತ್ತದೆ.

ಮರಳುಗಲ್ಲಿನ ಮಟ್ಟಸವಾದ ಪದರಗಳನ್ನೇ ಬಾದಾಮಿಯಲ್ಲಿ ಚಾಲುಕ್ಯರ ಶಿಲ್ಪಿಗಳು ಕೊರೆದು ಗುಹಾಲಯಗಳನ್ನು ಮಾಡಿದರು. ಮೂರನೆಯ ಗುಹೆಯ ಶಾಸನದ ಕಾಲ ಕ್ರಿ.ಶ. 578. ಅಲ್ಲಿನ ಗುಹೆಗಳ ಕಂಬ, ಗೋಡೆಗಳ ಮೇಲೆ ಓಡುವ ಕೆಂಪು-ಬಿಳಿ ಪಟ್ಟೆಗಳು ಯಾರೂ ಬಳಿದ ಬಣ್ಣವಲ್ಲ, ಮರಳುಗಲ್ಲಿನ ಸಹಜ ಪದರಗಳು.