ಬಸರಾಳಿನಲ್ಲೊಂದು ಬಾಡಿಗೆ ಮನೆ

ಬಸರಾಳಿಗೆ ಹೊರಗಿನವರು ಬರುವುದು ಮಲ್ಲಿಕಾರ್ಜುನ ದೇವಾಲಯ ನೋಡಲು. ಹೊಯ್ಸಳ ದೊರೆ ಎರಡನೆಯ ವೀರ ನರಸಿಂಹನ ಕಾಲದಲ್ಲಿ ದಂಡನಾಯಕ ಹರಿಹರ 1234ರಲ್ಲಿ ಕಟ್ಟಿಸಿದ ಗುಡಿ ಅದು. ನೋಡಿದವರು ಸಂಜೆಗೆ ಸುಮಾರು 25 ಕಿ.ಮೀ. ದೂರದ ಮಂಡ್ಯಕ್ಕೆ ಮರಳುತ್ತಾರೆ. ಉಳಿಯಲು ಬರುವವರೇ ಬೇರೆ: ಮೇಷ್ಟರು, ನರ್ಸು, ಬ್ಯಾಂಕಿನ ಗುಮಾಸ್ತರು, ನಾಡಕಚೇರಿಯ ನೌಕರರು. ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ಬಾಡಿಗೆಗೆ ಇದ್ದು ಹೋದವರ ಚರಿತ್ರೆಯನ್ನು ಯಾರೂ ಬರೆದಿಲ್ಲ.

ಹಳ್ಳಿಯ ಮನೆ ಬಾಡಿಗೆಗೆಂದು ಕಟ್ಟಿದ್ದಲ್ಲ. ಜನ, ದನ, ದವಸ ಒಂದೇ ಸೂರಿನಡಿ ಇರಲೆಂದು ಕಟ್ಟಿದ್ದು. ಈ ಸೀಮೆಗೆ ಬಾಡಿಗೆ ಮನೆ ಬಂದದ್ದು ಸಂಬಳದ ಜೊತೆಗೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ನಾಲೆಯ ನೀರು ಬಂತು, ಕಬ್ಬು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯಾಯಿತು. ಕಾರ್ಖಾನೆ, ಕಚೇರಿಗಳು ಬಂದ ಮೇಲೆ ವರ್ಗವಾಗಿ ಬರುವ ಜನ ಬಂದರು. ಅವರಿಗೆ ಜಮೀನು ಬೇಡ, ಕೊಟ್ಟಿಗೆ ಬೇಡ. ಎರಡು ರೂಮು, ಅಡುಗೆಮನೆ, ನೀರು ಸಾಕು. ಮೊದಲು ಮಂಡ್ಯದಲ್ಲಿ, ಆಮೇಲೆ ಹೋಬಳಿಯ ಊರುಗಳಲ್ಲಿ, ಮಾಲೀಕರು ತಮ್ಮ ಮನೆಯ ಪಕ್ಕಕ್ಕೋ ಮೇಲಕ್ಕೋ ಇಂಥ ಮನೆ ಕಟ್ಟಿದರು.

ಬಾಡಿಗೆಯ ಲೆಕ್ಕದಲ್ಲಿ ರಸ್ತೆಯೂ ಸೇರಿದೆ. ಬಸರಾಳಿಗೆ ರೈಲಿಲ್ಲ. 1948ರಲ್ಲಿ ಮೈಸೂರು ಸರ್ಕಾರ ಬಸ್ಸು ಓಡಿಸಲು ಇಲಾಖೆ ತೆರೆಯಿತು; ಅದೇ ಮುಂದೆ ನಿಗಮವಾಯಿತು. ಆದರೂ ರಾತ್ರಿ ಮಗುವಿಗೆ ಜ್ವರ ಬಂದರೆ ಬಸ್ಸು ಕಾಯಲಾಗದು. ಬಾಡಿಗೆಯಲ್ಲಿ ಉಳಿದ ಹಣ ಸ್ಕೂಟರಿನ ಪೆಟ್ರೋಲಿಗೆ, ಇಲ್ಲವೇ ಕಾರಿನ ಕಂತಿಗೆ ಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾಯಿತು. ಮಂಡ್ಯದಲ್ಲಿದ್ದು ಓಡಾಡುವುದೋ, ಇಲ್ಲೇ ಮನೆ ಮಾಡುವುದೋ ಎಂಬ ಮೇಡಮ್ಮನವರ ಲೆಕ್ಕ ಅಂದಿನಿಂದ ಬದಲಾಗಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಸಂಬಂಧಿಕರೊಬ್ಬರಿಗೆ ಈ ಕಡೆಯ ಶಾಲೆಗೆ ವರ್ಗವಾಯಿತು. ಮನೆ ನೋಡಲು ನಾನೂ ಜೊತೆಗೆ ಹೋಗಿದ್ದೆ. ಎರಡು ಕಡೆ ಮನೆ ಖಾಲಿಯಿತ್ತು; ಹೆಸರು ಕೇಳಿದ ಮೇಲೆ "ನಮ್ಮ ಹುಡುಗನೇ ಬರ್ತಾನಂತೆ" ಎಂಬ ಉತ್ತರ ಬಂತು. ಮೂರನೆಯ ಮನೆಯ ಅಜ್ಜಿ ನೇರವಾಗಿ ಕೇಳಿದರು: "ಯಾರ ಕಡೆಯೋರು? ಮಾಂಸ ಮಾಡ್ತೀರಾ?" ಇವರು ಅಳುಕುತ್ತಾ ಹೌದೆಂದರು. "ನಾವೂ ಮಾಡ್ತೀವಿ ಬುಡಿ. ಕರೆಂಟ್ ಬಿಲ್ ನಿಮ್ದು, ನೀರು ನಮ್ದು" ಎಂದು ಅಜ್ಜಿ ಬೀಗದ ಕೈ ಕೊಟ್ಟರು.

ಅಜ್ಜಿ ಪತ್ರ ಕೇಳಲಿಲ್ಲ. ಪೇಟೆಯಲ್ಲಾದರೆ ಹನ್ನೊಂದು ತಿಂಗಳ ಕರಾರು ಬೇಕು. ಹನ್ನೊಂದೇ ಏಕೆಂದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಬೇಕು. ಬ್ರಿಟಿಷರ ಕಾಲದ ಈ ನಿಯಮ ತಪ್ಪಿಸಲು ಜನ ಕಂಡುಕೊಂಡ ದಾರಿ ಇಂದಿಗೂ ರೂಢಿಯಲ್ಲಿದೆ. ಇನ್ನೊಂದು ರೂಢಿ ಭೋಗ್ಯ: ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಹಣ ಪೂರ್ತಿ ವಾಪಸ್ಸು ಪಡೆಯುವುದು. ಅದು ಬಡ್ಡಿಯಾಗುತ್ತದೆಯೇ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಮುಗಿದಿಲ್ಲ. ಮುಂಗಡವನ್ನು ಉರ್ದುವಿನಲ್ಲಿ 'ಅಮಾನತ್' ಎನ್ನಬಹುದು. ನಂಬಿ ಒಪ್ಪಿಸಿದ್ದು ಎಂದರ್ಥ. ಅದೇ ಪದ ಕನ್ನಡದ ಕಚೇರಿಗೆ ಬಂದು ನೌಕರನನ್ನು ಕೆಲಸದಿಂದ ದೂರ ಇಡುವುದಾಯಿತು! ಮನೆ ಹುಡುಕುವವನಿಗೆ ಎರಡರ್ಥವೂ ಗೊತ್ತು.

1961ರ ಬಾಡಿಗೆ ನಿಯಂತ್ರಣ ಕಾಯ್ದೆ, ಅದರ ಬದಲಿಗೆ 2001ರ ಕೊನೆಗೆ ಜಾರಿಗೆ ಬಂದ 1999ರ ಬಾಡಿಗೆ ಕಾಯ್ದೆ ಮುಖ್ಯವಾಗಿ ನಗರಗಳನ್ನು ನೋಡಿದವು. ಅವು ದರದ ಬಗ್ಗೆ, ತೆರವಿನ ಬಗ್ಗೆ ಮಾತಾಡಿದವು. ಒಳಗಿರುವವನಿಗೆ ರಕ್ಷಣೆ ಸಿಕ್ಕಿತು. ಬಾಗಿಲಲ್ಲಿ ನಿಂತವನಿಗೆ ಏನೂ ಸಿಗಲಿಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ರಸ್ತೆಗಳಲ್ಲಿ ಭೇದ ಕೂಡದೆನ್ನುತ್ತದೆ. ಖಾಸಗಿ ಮನೆಯ ಹೆಸರು ಆ ಪಟ್ಟಿಯಲ್ಲಿಲ್ಲ. ತಮಗೆ ಬೇಕಾದ ಕಡೆ ಮನೆ ಸಿಗುವುದಿಲ್ಲವೆಂಬ ಮುಸ್ಲಿಮರ ದೂರನ್ನು 2006ರ ಸಾಚಾರ್ ವರದಿ ದಾಖಲಿಸಿತು. ದಲಿತರಿಗೆ ಈ ಅನುಭವ ಅದಕ್ಕಿಂತ ಹಳೆಯದು.

ಕಾನೂನು ತಲುಪದ ಈ ಜಾಗದಲ್ಲಿ ನಿರ್ಧಾರವೆಲ್ಲ ಮನೆಯವರದೇ. ಆ ಎರಡು ಮನೆಗಳು ಎಷ್ಟು ನಿಜವೋ ಅಜ್ಜಿಯೂ ಅಷ್ಟೇ ನಿಜ. ಆದರೆ ಒಬ್ಬ ಮೇಷ್ಟರು ಊರಿನಲ್ಲಿ ನೆಲೆ ನಿಲ್ಲುವುದು ಒಬ್ಬ ಅಜ್ಜಿಯ ಒಳ್ಳೆಯತನವನ್ನೇ ನಂಬಿಕೊಂಡಿರಬೇಕೆ? ನಮ್ಮ ಸಂಬಂಧಿಕರು ಆ ಮನೆಯಲ್ಲಿ ನಾಲ್ಕು ವರ್ಷ ಇದ್ದರು. ಬಿಟ್ಟು ಬರುವಾಗ ಅಜ್ಜಿ ಮುಂಗಡವನ್ನು ಎಣಿಸಿ ಕೈಗಿಟ್ಟರು, ಒಂದು ರೂಪಾಯಿಯೂ ಕಡಿಮೆಯಿರಲಿಲ್ಲ.