ಗ್ರಾಮೀಣ ಬಾಲ್ಯ, ಡೇನಿಷ್ ರೇಖಾಚಿತ್ರದಲ್ಲಿ

ಹಳ್ಳಿಯ ಮಕ್ಕಳು ಹಸು, ಬಾತುಗಳ ನಡುವೆ ನೆಮ್ಮದಿಯಾಗಿ ಬೆಳೆಯುವಂತೆ ಚಿತ್ರಿಸುವ, 19ನೆಯ ಶತಮಾನದ ಡೆನ್ಮಾರ್ಕಿನಲ್ಲಿ ರೂಢಿಗೆ ಬಂದ ಚಿತ್ರಪರಂಪರೆ. ಕಲಾಚರಿತ್ರೆಕಾರರ ಕಣ್ಣು ಹೆಚ್ಚಾಗಿ ತೈಲಚಿತ್ರಗಳ ಮೇಲೆ. ಆದರೆ ಈ ಬಾಲ್ಯ ಮನೆಮನೆಗೆ ಹೋದದ್ದು ಪುಸ್ತಕದ ಪುಟ್ಟ ಚಿತ್ರಗಳಿಂದ ಎಂದೇ ತೋರುತ್ತದೆ.

ಚಿತ್ರಗಳ ಹಿಂದಿನ ಹಳ್ಳಿಯ ಬದುಕು ಬೇರೆ. ರೈತಾಪಿ ಗಂಡಸರನ್ನು ಹುಟ್ಟೂರಿನ ಜಮೀನಿಗೆ ಕಟ್ಟಿಹಾಕಿದ್ದ ಕಟ್ಟಳೆ 1788ರಲ್ಲಿ ರದ್ದಾಗತೊಡಗಿತು. 1814ರ ಕಾನೂನು 7 ವರ್ಷದಿಂದ ಓದು ಕಡ್ಡಾಯ ಮಾಡಿದರೂ ಹಳ್ಳಿಗಳಲ್ಲಿ ಶಾಲೆ ದಿನ ಬಿಟ್ಟು ದಿನ ನಡೆಯಬಹುದಿತ್ತು. ಉಳಿದ ದಿನ ದನ ಕಾಯುವುದು, ಹೊಲಗೆಲಸ. ಚಿತ್ರಗಳಲ್ಲಿ ದನವಿದೆ, ಕಾದ ದಣಿವಿಲ್ಲ. ರಾಷ್ಟ್ರೀಯ ಕಲೆಗೆ ಕಲಾವಿದರು ಸ್ವಂತ ನಾಡನ್ನು, ಅಲ್ಲಿನ ಜನರನ್ನು ನೋಡಬೇಕೆಂದು ವಿಮರ್ಶಕ ನೀಲ್ಸ್ ಲಾರಿಟ್ಸ್ ಹೋಯೆನ್ 1844ರ ಉಪನ್ಯಾಸದಲ್ಲಿ ಕರೆಕೊಟ್ಟ.

ಯೋಹಾನ್ ಥಾಮಸ್ ಲುಂಡ್‌ಬ್ಯು (1818–48) ದನಗಳನ್ನು ಒಲವಿನಿಂದ ಬರೆದವನು. ಕವಿ ಕೋಲುಂಡನ ಮಕ್ಕಳ ನೀತಿಕಥೆಗಳಿಗೆ (1845) ಚಿತ್ರ ಕೊಟ್ಟ. ಅವನ ಇನ್ನೊಂದು ಚಿತ್ರದಲ್ಲಿ ಕಡ್ಡಿಯ ಕಟ್ಟು ಹಿಡಿದ ಬಡ ಹುಡುಗಿ: ಪಂಚಾಂಗವೊಂದರ ಸಂಪಾದಕ ಕಳಿಸಿದ ಮೂರು ಚಿತ್ರಗಳಲ್ಲಿ ಇದನ್ನೇ ಆರಿಸಿ ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಬೆಂಕಿಕಡ್ಡಿ ಮಾರುವ ಹುಡುಗಿಯ ಕಥೆ ಬರೆದ. ಅಂದರೆ ನೆಮ್ಮದಿಯ ಬಾಲ್ಯವೆಂಬ ಆದರ್ಶಕ್ಕೆ ಒಗ್ಗದ ಮಗುವೂ ಇದೇ ಕೈಯಿಂದ ಬಂದದ್ದು. 1848ರಲ್ಲಿ ಯುದ್ಧಕ್ಕೆ ಸ್ವಯಂಸೇವಕನಾಗಿ ಹೋದ ಲುಂಡ್‌ಬ್ಯು ಆಕಸ್ಮಿಕವಾಗಿ ಹಾರಿದ ಗುಂಡಿಗೆ ಬಲಿಯಾದ.

ನೌಕಾಪಡೆಯ ಅಧಿಕಾರಿ ವಿಲ್ಹೆಲ್ಮ್ ಪೆಡರ್ಸನ್ (1820–59) ಆಂಡರ್ಸನ್ನನ ಕಥೆಗಳ 1849ರ ಲೈಪ್‌ಜಿಗ್ ಆವೃತ್ತಿಗೆ ಚಿತ್ರಗಳನ್ನು ಬರೆದ. ಅವು ಮರದಚ್ಚಿನಲ್ಲಿ ಮುದ್ರಣವಾದವು. ಗಟ್ಟಿ ಬಾಕ್ಸ್‌ವುಡ್ ಮರವನ್ನು ಉದ್ದಕ್ಕಲ್ಲದೆ ಅಡ್ಡಲಾಗಿ ಕುಯ್ದು ನುಣುಪು ಮಾಡಿ, ಅದರ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಮೂಡಿಸಬೇಕು. ಬಿಳಿಯಾಗಿ ಉಳಿಯಬೇಕಾದುದನ್ನೆಲ್ಲ ಮೊನೆಯುಳಿಯಿಂದ ಕೆತ್ತಿ ತೆಗೆದರೆ ರೇಖೆಗಳು ದಿಬ್ಬವಾಗಿ ನಿಲ್ಲುತ್ತವೆ. ಅಚ್ಚಿನ ಮೊಳೆಗಳಷ್ಟೇ ಎತ್ತರದ ಈ ತುಂಡನ್ನು ಅಕ್ಷರಗಳ ಜೊತೆಗೇ ಕೂರಿಸಿ ಒಂದೇ ಒತ್ತಿನಲ್ಲಿ ಮುದ್ರಿಸಬಹುದು. ಆದ್ದರಿಂದಲೇ ಚಿತ್ರ ಕಥೆಯ ಮಗ್ಗುಲಲ್ಲೇ ಬಂತು, ಬೇರೆ ಹಾಳೆಗೆ ಹೋಗಲಿಲ್ಲ. ಪೆನ್ಸಿಲಿನ ಮಸುಕು ಛಾಯೆ ಉಳಿಗೆ ಸಿಗುವಂಥದ್ದಲ್ಲ, ಅದನ್ನು ಗೆರೆಗಳಾಗಿ ಒಡೆಯಬೇಕು. ಈ ಮಕ್ಕಳ ಕೆನ್ನೆ, ಅಂಗಿಗಳ ತಿಳಿತನದಲ್ಲಿ ಕೆತ್ತನೆಗಾರನ ಪಾಲೂ ಇದ್ದಿರಬೇಕು.

ಲೊರೆಂಟ್ಸ್ ಫ್ರೋಲಿಕ್ (1820–1908) ಪ್ಯಾರಿಸಿನಲ್ಲಿ ಮಗಳು ಎಡ್ಮಾಳನ್ನು ನೋಡಿ ಬರೆದ ಲಿಲಿ ಎಂಬ ಪುಟ್ಟ ಹುಡುಗಿಯ ಚಿತ್ರಮಾಲೆ 1862ರಿಂದ ಹೆಸರಾಯಿತು. ಲಿಲಿ ಅನುಕೂಲಸ್ಥರ ಮನೆಯ ಮಗು, ಹಳ್ಳಿಯವಳಲ್ಲ. ಈ ಪರಂಪರೆಗೆ ಅವಳನ್ನು ಸೇರಿಸುವುದು ಚರ್ಚಾಸ್ಪದ. ಪೆಡರ್ಸನ್ ತೀರಿಕೊಂಡ ಮೇಲೆ ಆಂಡರ್ಸನ್ನನ ಮುಂದಿನ ಕಥೆಗಳ ಚಿತ್ರಗಳ ಕೆಲಸವೂ ಫ್ರೋಲಿಕನ ಪಾಲಿಗೇ ಬಂತು.